ಲೈಟ್ ಹೋಗಿ ಬಂದ ಮೇಲೆ: ಕಲಬುರಗಿಯ ದಾಲ್ ಮಿಲ್ ಒಂದರಲ್ಲಿ ಡಿಎಚ್‌ಸಿಪಿ ಸರ್ವರ್

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದಲ್ಲಿ ಒಂದು ದಾಲ್ ಮಿಲ್. ಹೆಸರು ಬೇಡ. ಹೊಸ ತೊಗರಿ ಬರೋಕೆ ಶುರುವಾಯಿತು ಅಂದರೆ ಮುಂದಿನ ಎರಡು ಮೂರು ತಿಂಗಳು ಅಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ಗೇಟಿನ ಹೊರಗೆ ಲಾರಿ ಸಾಲು. ಒಳಗೆ ವೇಬ್ರಿಜ್, ಪಕ್ಕದಲ್ಲಿ ಅದರ ಕ್ಯಾಬಿನ್, ಅಂಗಳ ದಾಟಿದರೆ ಆಫೀಸು. ಲಾರಿ ತೂಕವಾದ ತಕ್ಷಣ ಅದರ ಲೆಕ್ಕ ಕ್ಯಾಬಿನ್ ಕಂಪ್ಯೂಟರಿನಿಂದ ಆಫೀಸಿನ ಬಿಲ್ಲಿಂಗ್ ಕಂಪ್ಯೂಟರಿಗೆ ಹೋಗಬೇಕು. ಅಲ್ಲಿ ಬಿಲ್ ಪ್ರಿಂಟ್ ಆಗಬೇಕು. ಆಗಲಿಲ್ಲ ಅಂದರೆ ಲಾರಿ ಅಲ್ಲೇ ನಿಲ್ಲುತ್ತದೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ.

ನಮ್ಮನ್ನು ಕರೆಸಿದಾಗ ಅಲ್ಲಿನ ಲೆಕ್ಕದವರು ಹೇಳಿದ್ದು ಇಷ್ಟು: "ಲೈಟ್ ಹೋಗಿ ಬಂದ್ರ ಸಾಕ್ರಿ ಸರ್, ಒಂದ್ ಕಂಪ್ಯೂಟರ್ ನಡೀತದ, ಇನ್ನೊಂದ್ ನಡ್ಯಂಗಿಲ್ಲ. ಒಮ್ಮೊಮ್ಮೆ ಐದ್ ನಿಮಿಷ ಸುಮ್ನ ಬಿಟ್ರ ತಾನೇ ಬರ್ತದ. ಒಮ್ಮೊಮ್ಮೆ ಎಷ್ಟ್ ಬಿಟ್ರೂ ಬರಂಗಿಲ್ಲ."

ಈ ಮಾತನ್ನು ಸರಿಯಾಗಿ ಕೇಳಿಸಿಕೊಂಡರೆ ಅರ್ಧ ತನಿಖೆ ಅಲ್ಲೇ ಮುಗಿದಿರುತ್ತದೆ. ಐದು ನಿಮಿಷಕ್ಕೆ ತಾನೇ ಸರಿ ಹೋಗುವುದು ಒಂದು ರೋಗ. ಎಷ್ಟು ಬಿಟ್ಟರೂ ಬರದೇ ಇರುವುದು ಬೇರೆಯೇ ರೋಗ. ಅವರಿಗೆ ಎರಡೂ ಒಂದೇ ಆಗಿ ಕಾಣುತ್ತಿತ್ತು, ಯಾಕೆಂದರೆ ಎರಡೂ ಕರೆಂಟ್ ಬಂದ ಕೂಡಲೇ ಶುರುವಾಗುತ್ತಿದ್ದವು.

ಮೊದಲು ನೋಡಿದ್ದು

ಮಿಲ್ಲಿನಲ್ಲಿ ಆಗ ಇದ್ದದ್ದು: 11 ಕಂಪ್ಯೂಟರ್, 16 ಕ್ಯಾಮೆರಾ, ಅವುಗಳ ರೆಕಾರ್ಡಿಂಗ್ ಇಡುವ ಒಂದು ಎನ್‌ವಿಆರ್, 4 ಪ್ರಿಂಟರ್, ಹಾಜರಾತಿಯ 2 ಪಂಚ್ ಮಷೀನ್, 2 ವೈಫೈ ಪಾಯಿಂಟ್. ಮೇಲೆ ಕೆಲಸದವರ ಮೊಬೈಲ್‌ಗಳು. ನೆಟ್‌ವರ್ಕಿನಲ್ಲಿ ಪ್ರತಿಯೊಂದಕ್ಕೂ ತನ್ನದೇ ಒಂದು ಐಪಿ ವಿಳಾಸ ಬೇಕು, ಅದನ್ನು ತಾನಾಗಿ ಹಂಚುವ ವ್ಯವಸ್ಥೆಯೇ ಡಿಎಚ್‌ಸಿಪಿ. ಇಲ್ಲಿ ಎಲ್ಲಕ್ಕೂ ವಿಳಾಸ ಹಂಚುತ್ತಿದ್ದದ್ದು ಇಂಟರ್ನೆಟ್ ಕಂಪನಿಯವರು ಕೊಟ್ಟ ರೂಟರ್. ಅದರ ವಿಳಾಸ 192.168.1.1. ಅದು ಹಂಚುವ ವಿಳಾಸಗಳ ಸಾಲು, ಅಂದರೆ ಪೂಲ್, ಕೊನೆಯ ಸಂಖ್ಯೆ 2ರಿಂದ 254ರವರೆಗೆ, ಅಂದರೆ ಪೂರ್ತಿ.

ಪೂರ್ತಿ ಪೂಲ್ ಅಂದರೇನೇ ತೊಂದರೆ. ಬಿಲ್ಲಿಂಗ್ ಕಂಪ್ಯೂಟರಿಗೆ ಯಾರೋ ಹಿಂದೆ ಕೈಯಿಂದ 192.168.1.10 ಹಾಕಿದ್ದರು. ಪಂಚ್ ಮಷೀನಿಗೆ 201, ಎನ್‌ವಿಆರ್‌ಗೆ 64. ಇವೆಲ್ಲ ರೂಟರಿಗೆ ಗೊತ್ತಿಲ್ಲ. ಅದರ ಪ್ರಕಾರ 10 ಖಾಲಿ ಇದೆ, ಯಾವುದೋ ಮೊಬೈಲಿಗೆ ಕೊಟ್ಟುಬಿಡುತ್ತದೆ. ಆಗ ಬಿಲ್ಲಿಂಗ್ ಕಂಪ್ಯೂಟರಿನ ಮೂಲೆಯಲ್ಲಿ ಐಪಿ ಕಾನ್‌ಫ್ಲಿಕ್ಟ್, ಅಂದರೆ ಒಂದೇ ವಿಳಾಸ ಇಬ್ಬರಿಗೆ, ಅಂತ ಬರುತ್ತದೆ. ಇದಕ್ಕೆ ಕರೆಂಟ್ ಹೇಗೆ ಸೇರಿಕೊಳ್ಳುತ್ತದೆ ಅಂದರೆ, ಇಂಥ ಸಣ್ಣ ರೂಟರ್‌ಗಳಲ್ಲಿ ಬಹಳಷ್ಟು ತಾವು ಯಾರಿಗೆ ಏನು ಕೊಟ್ಟೆ ಅನ್ನೋ ಪಟ್ಟಿಯನ್ನು ಮೆಮೊರಿಯಲ್ಲಷ್ಟೇ ಇಟ್ಟುಕೊಳ್ಳುತ್ತವೆ. ಕರೆಂಟ್ ಹೋದರೆ ಪಟ್ಟಿಯೂ ಹೋಯಿತು. ಮತ್ತೆ ಎದ್ದಾಗ ಎಲ್ಲ ಖಾಲಿ ಅಂದುಕೊಂಡು ಹೊಸದಾಗಿ ಹಂಚೋಕೆ ಶುರು.

ಇದು ಒಂದು. ಇಷ್ಟೇ ಆಗಿದ್ದರೆ ಪೂಲನ್ನು 100ರಿಂದ ಶುರು ಮಾಡಿ ನಾವು ಚಹಾ ಕುಡಿದು ಬರಬಹುದಿತ್ತು.

ನಡೆಯದೇ ಇದ್ದ ಕಂಪ್ಯೂಟರ್‌ಗಳಲ್ಲಿ ನೆಟ್‌ವರ್ಕಿನ ವಿವರ ತೋರಿಸುವ ಐಪಿಕಾನ್‌ಫಿಗ್ ಆಲ್ ಕಮಾಂಡ್ ಹೊಡೆದು ನೋಡಿದೆವು. ಒಂದರಲ್ಲಿ ವಿಳಾಸ 169.254ರಿಂದ ಶುರುವಾಗಿತ್ತು. ಇನ್ನೊಂದರಲ್ಲಿ 192.168.0.ರಿಂದ. ಮಿಲ್ಲಿನ ನೆಟ್‌ವರ್ಕ್ ಇರುವುದು 192.168.1.ರಲ್ಲಿ. ಒಂದು ಅಂಕಿಯ ವ್ಯತ್ಯಾಸ. ಅವಸರದಲ್ಲಿ ನೋಡಿದವರ ಕಣ್ಣಿಗೆ ಬೀಳುವುದೇ ಇಲ್ಲ. ಅದೇ ಪರದೆಯಲ್ಲಿ ಸ್ವಲ್ಪ ಕೆಳಗೆ 'ಡಿಎಚ್‌ಸಿಪಿ ಸರ್ವರ್' ಅಂತ ಒಂದು ಸಾಲು ಇರುತ್ತದೆ. ವಿಳಾಸ ಕೊಟ್ಟವರು ಯಾರು ಅನ್ನೋದು ಅಲ್ಲಿ ಇರುತ್ತದೆ. ನೆಟ್ ಬರುತ್ತಿಲ್ಲ ಅಂತ ಯಾರೇ ಫೋನ್ ಮಾಡಿದರೂ ನಾನು ಮೊದಲು ಓದಿಸುವುದು ಆ ಸಾಲನ್ನೇ. ಇಲ್ಲಿ ಅದು 192.168.0.1 ಅಂತ ತೋರಿಸುತ್ತಿತ್ತು. ಮಿಲ್ಲಿನಲ್ಲಿ ಆ ವಿಳಾಸದ ರೂಟರ್ ಯಾವುದು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ.

ಎರಡನೇ ಕೊಡುಗೈ

ಡಿಎಚ್‌ಸಿಪಿ ಕೆಲಸ ಮಾಡುವ ರೀತಿ ಗೊತ್ತಿದ್ದರೆ ಇಂಥದ್ದು ಆಶ್ಚರ್ಯ ಅನ್ನಿಸುವುದಿಲ್ಲ. ಆಗಷ್ಟೇ ಎದ್ದ ಕಂಪ್ಯೂಟರಿಗೆ ತನ್ನ ವಿಳಾಸವೂ ಗೊತ್ತಿಲ್ಲ, ಸರ್ವರ್ ಎಲ್ಲಿದೆ ಅನ್ನೋದೂ ಗೊತ್ತಿಲ್ಲ. ಹಾಗಾಗಿ ಇಡೀ ನೆಟ್‌ವರ್ಕಿಗೆ ಕೇಳುವಂತೆ ಕೂಗುತ್ತದೆ: ಯಾರಾದರೂ ವಿಳಾಸ ಕೊಡಿ. ಕೇಳಿಸಿಕೊಂಡ ಸರ್ವರ್ ಯುಡಿಪಿ 67ನೇ ಪೋರ್ಟಿನಿಂದ ಉತ್ತರ ಕೊಡುತ್ತದೆ: ಇದನ್ನು ತಗೋ. ಕಂಪ್ಯೂಟರ್ 68ನೇ ಪೋರ್ಟಿನಲ್ಲಿ ಅದನ್ನು ಕೇಳಿಸಿಕೊಂಡು, ಸರಿ ಇದೇ ಬೇಕು ಅನ್ನುತ್ತದೆ. ಸರ್ವರ್ ಆಗಲಿ ಅಂತ ಮುಗಿಸುತ್ತದೆ. ನಾಲ್ಕು ಮಾತು, ಅಷ್ಟೇ. ಇಬ್ಬರು ಸರ್ವರ್‌ಗಳು ಇದ್ದರೆ? ಎಪಿಎಂಸಿ ಸವಾಲಿನಲ್ಲಿ ಜಾಸ್ತಿ ಕೂಗಿದವನಿಗೆ ಮಾಲು ಹೋಗುತ್ತದೆ, ಇಲ್ಲಿ ಸಾಮಾನ್ಯವಾಗಿ ಮೊದಲು ಕೂಗಿದವನಿಗೆ.

ಕೊಡುತ್ತಿರುವವನು ನಿಜವಾದವನೇ ಅಂತ ಕೇಳುವ ವ್ಯವಸ್ಥೆ ಆ ನಾಲ್ಕು ಮಾತಿನಲ್ಲಿ ಇಲ್ಲ. ಈ ನಿಯಮ 1993ರಲ್ಲಿ ಮೊದಲು ಬಂದು 1997ರಲ್ಲಿ ಈಗಿನ ರೂಪಕ್ಕೆ ನಿಂತಿತು. ಅಂಗಡಿಯಿಂದ ಒಂದು ವೈಫೈ ಡಬ್ಬಿ ತಂದು ಗೋಡೆಯ ಕೇಬಲ್‌ಗೆ ಚುಚ್ಚುವ ಕಾಲ ಆಗಿನ್ನೂ ಬಂದಿರಲಿಲ್ಲ.

ಹುಡುಕಿದೆವು. ಆ ಕಂಪ್ಯೂಟರಿನಲ್ಲೇ ಬ್ರೌಸರ್ ತೆಗೆದು 192.168.0.1 ಹೊಡೆದರೆ ಮನೆಯಲ್ಲಿ ಬಳಸುವ ಸಣ್ಣ ವೈಫೈ ರೂಟರಿನ ಲಾಗಿನ್ ಪುಟ ಬಂತು. ಇದೆ ಅಂತ ಖಾತ್ರಿಯಾಯಿತು, ಎಲ್ಲಿದೆ ಅಂತ ಗೊತ್ತಾಗಬೇಕು. ಎಲ್ಲ ನೆಟ್‌ವರ್ಕ್ ಕೇಬಲ್‌ಗಳು ಬಂದು ಸೇರುವ ಸ್ವಿಚ್ ಸಾದಾ ಸ್ವಿಚ್, ಯಾವ ಪೋರ್ಟಿನಲ್ಲಿ ಯಾರಿದ್ದಾರೆ ಅಂತ ಹೇಳುವುದಿಲ್ಲ. ಒಬ್ಬರು ಆ ವಿಳಾಸಕ್ಕೆ ನಿಲ್ಲದಂತೆ ಪಿಂಗ್ (ಇದ್ದೀಯಾ ಅಂತ ಕೇಳುವ ಸಂದೇಶ) ಹಾಕಿಕೊಂಡು ಕೂತರು. ಇನ್ನೊಬ್ಬರು ಸ್ವಿಚ್ಚಿನ ಕೇಬಲ್‌ಗಳನ್ನು ಒಂದೊಂದೇ ಕಿತ್ತು ಹಾಕುತ್ತಾ ಹೋದರು. ಪಿಂಗ್ ನಿಂತ ಕೇಬಲ್ಲನ್ನು ಹಿಡಿದುಕೊಂಡು ನಡೆದರೆ ಅದು ಹೋಗಿ ಮುಟ್ಟಿದ್ದು ತೊಗರಿಯ ತೇವಾಂಶ ಅಳೆಯುವ ಕೋಣೆಗೆ. ಮೇಜಿನ ಮೇಲೆ ತೇವಾಂಶದ ಮೀಟರ್, ಅದರ ಹಿಂದೆ ಸ್ಯಾಂಪಲ್ ಚೀಲಗಳು, ಚೀಲಗಳ ಹಿಂದೆ ಗೋಡೆಗೆ ಒರಗಿಸಿಟ್ಟ ರೂಟರ್. ಮೇಲೆ ಬೆರಳಿನಿಂದ ಹೆಸರು ಬರೆಯಬಹುದಾದಷ್ಟು ತೊಗರಿ ಧೂಳು. ಆ ಕೋಣೆಯಲ್ಲಿ ಸಿಗ್ನಲ್ ಬರುತ್ತಿರಲಿಲ್ಲ ಅಂತ ಯಾರೋ ಮನೆಯಿಂದ ತಂದು ಹಾಕಿದ್ದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದರಲ್ಲಿ ಅರ್ಥ ಇಲ್ಲ. ಸಿಗ್ನಲ್ ನಿಜವಾಗಿಯೂ ಬರುತ್ತಿರಲಿಲ್ಲ.

ಕೇಬಲ್ಲನ್ನು ರೂಟರಿನ ವ್ಯಾನ್ ಪೋರ್ಟಿಗೆ, ಅಂದರೆ ಹೊರಗಿನಿಂದ ಇಂಟರ್ನೆಟ್ ಬರುವ ಪೋರ್ಟಿಗೆ, ಹಾಕಿದ್ದರೆ ಅದು ತನ್ನ ಹಿಂದಿನ ಮೊಬೈಲ್‌ಗಳಿಗಷ್ಟೇ ವಿಳಾಸ ಹಂಚಿಕೊಂಡು ತೆಪ್ಪಗೆ ಇರುತ್ತಿತ್ತು. ಅವರು ಹಾಕಿದ್ದು ಒಳಗಿನ ಕಂಪ್ಯೂಟರ್‌ಗಳನ್ನು ಜೋಡಿಸುವ ಲ್ಯಾನ್ ಪೋರ್ಟಿಗೆ. ಹಾಗಾಗಿ ಇಡೀ ಮಿಲ್ಲಿಗೆ ಹಂಚುತ್ತಿತ್ತು.

ಆದರೆ ಕರೆಂಟ್ ಹೋಗಿ ಬಂದಾಗ ಮಾತ್ರ ಯಾಕೆ? ಆ ಕೋಣೆಯ ಲೈನು ಇನ್ವರ್ಟರ್ ಮೇಲಿತ್ತು. ಆಫೀಸಿನ ರೂಟರ್ ಇನ್ವರ್ಟರ್ ಮೇಲೆ ಇರಲಿಲ್ಲ. ಕರೆಂಟ್ ಬಂದ ಕೂಡಲೇ ಎಲ್ಲ ಕಂಪ್ಯೂಟರ್‌ಗಳೂ ಒಟ್ಟಿಗೆ ಕೂಗುತ್ತಿದ್ದವು. ಆಗ ಎಚ್ಚರವಾಗಿದ್ದದ್ದು ತೇವಾಂಶದ ಕೋಣೆಯ ಡಬ್ಬಿ ಒಂದೇ. ನನ್ನ ಹಳೇ ವಿಳಾಸ 192.168.1.23 ಮತ್ತೆ ಕೊಡಿ ಅಂತ ಕೇಳಿದ ಕಂಪ್ಯೂಟರಿಗೆ, ಆ ವಿಳಾಸ ಇಲ್ಲಿ ನಡೆಯೋದಿಲ್ಲ ಅಂತ ಅದು ಖಡಾಖಂಡಿತವಾಗಿ ಹೇಳಿ ತನ್ನದೊಂದು ಕೊಡುತ್ತಿತ್ತು. ಅದನ್ನು ತೆಗೆದುಕೊಂಡ ಕಂಪ್ಯೂಟರ್ ಎಷ್ಟು ಹೊತ್ತು ಕಾದರೂ ಬಿಲ್ಲಿಂಗ್ ಕಂಪ್ಯೂಟರನ್ನು ಮುಟ್ಟುವುದಿಲ್ಲ. 'ಎಷ್ಟ್ ಬಿಟ್ರೂ ಬರಂಗಿಲ್ಲ' ಅನ್ನೋ ರೋಗ ಇದು.

'ಐದ್ ನಿಮಿಷ ಬಿಟ್ರ ಬರ್ತದ' ಅನ್ನೋದು ವಿಂಡೋಸ್‌ನ ಸ್ವಭಾವ. ಯಾರೂ ಉತ್ತರ ಕೊಡದಿದ್ದರೆ ಅದು ತಾನೇ 169.254ರ ಒಂದು ವಿಳಾಸ ಹಾಕಿಕೊಳ್ಳುತ್ತದೆ. ಅದರಿಂದ ಇಂಟರ್ನೆಟ್ ಸಿಗುವುದಿಲ್ಲ, ಏನೋ ಒಂದು ಇರಲಿ ಅಂತ ಅಷ್ಟೇ. ಆಮೇಲೆ ಐದು ನಿಮಿಷಕ್ಕೊಮ್ಮೆ ಮತ್ತೆ ಕೇಳಿ ನೋಡುತ್ತದೆ. ಎಸ್‌ಎಸ್‌ಡಿ ಹಾಕಿದ ಕಂಪ್ಯೂಟರ್‌ಗಳು ಅರ್ಧ ನಿಮಿಷದೊಳಗೆ ಎದ್ದು ಕೂರುತ್ತವೆ. ಫೈಬರ್ ರೂಟರ್ ಎದ್ದು ಸರಿಯಾಗಿ ಕೂರೋಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ತೇವಾಂಶದ ಕೋಣೆಯ ಡಬ್ಬಿಯ ಉತ್ತರವೂ ತಲುಪದಿದ್ದರೆ, ಮೊದಲು ಎದ್ದವನಿಗೆ ಉತ್ತರ ಕೊಡುವವರೇ ಇಲ್ಲ. ಹಳೇ ಕಂಪ್ಯೂಟರ್‌ಗಳು ತಡವಾಗಿ ಏಳುವುದರಿಂದ ಅವಕ್ಕೆ ಈ ತೊಂದರೆ ಇರಲಿಲ್ಲ! "ಹೊಸಾವೇ ಖರಾಬ್ ಬಂದಾವ" ಅಂತ ಸಾವ್ಕಾರ್ರು ಅಂಗಡಿಯವನ ಜೊತೆ ಜಗಳ ತೆಗೆದಿದ್ದರು. ಪಾಪ ಅಂಗಡಿಯವನು.

ಯಾಕೆ ಸರ್ವರ್

ರೂಟರಿನಲ್ಲೇ ಎರಡು ಮೂರು ಬದಲಾವಣೆ ಮಾಡಿ ಬಿಡಬಹುದಿತ್ತು. ಬಿಡದಿರಲು ಕಾರಣ ಮೂರು. ಪಟ್ಟಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ನೆನಪಿಟ್ಟುಕೊಳ್ಳುವ ಒಬ್ಬರು ಬೇಕಿತ್ತು. ಇಂಟರ್ನೆಟ್ ಕಂಪನಿ ಬದಲಾದಾಗಲೆಲ್ಲ ರೂಟರ್ ಬದಲಾಗುತ್ತದೆ, ಅದರೊಳಗೆ ಮಾಡಿದ್ದೆಲ್ಲ ಅದರ ಜೊತೆ ಹೋಗುತ್ತದೆ. ಯಾವಾಗ ಯಾರಿಗೆ ಏನು ಕೊಟ್ಟಿತು ಅಂತ ನೋಡೋಕೆ ಲಾಗ್ ಕೂಡ ಬೇಕು. ಮಿಲ್ಲಿನಲ್ಲಿ ಬ್ಯಾಕಪ್‌ಗೆ ಅಂತ ಉಬುಂಟು ಲಿನಕ್ಸ್ ಹಾಕಿದ ಒಂದು ಹಳೇ ಡೆಸ್ಕ್‌ಟಾಪ್ ಇತ್ತು. ಅದೇ ಸಾಕು. ಇಷ್ಟು ಸಣ್ಣ ನೆಟ್‌ವರ್ಕಿಗೆ ಡಿಎಚ್‌ಸಿಪಿ ತಿನ್ನುವ ಶಕ್ತಿ ಏನೂ ಅಲ್ಲ. ವಿಂಡೋಸ್‌ನಲ್ಲೇ ಮಾಡಿ ಅಂತ ಲೆಕ್ಕದವರು ಕೇಳಿದರು. ಅವರ ಹತ್ತಿರ ಇದ್ದದ್ದು ಸಾದಾ ವಿಂಡೋಸ್. ಡಿಎಚ್‌ಸಿಪಿ ಹಂಚುವ ಸೌಲಭ್ಯ ವಿಂಡೋಸ್ ಸರ್ವರ್‌ನಲ್ಲಿ ಬರುತ್ತದೆ, ಅದಕ್ಕೆ ಲೈಸೆನ್ಸ್ ಬೇಕು.

ಉಬುಂಟುವಿನಲ್ಲಿ ಯಾವುದು ಅನ್ನೋದಕ್ಕೂ ಒಂದು ಮಾತು. ಐಎಸ್‌ಸಿ ಸಂಸ್ಥೆಯ ಹಳೇ ಡಿಎಚ್‌ಸಿಪಿ ಸರ್ವರ್ ಎಲ್ಲರಿಗೂ ಗೊತ್ತಿರುವಂಥದ್ದು, ಹುಡುಕಿದರೆ ಈಗಲೂ ಅದರ ಪಾಠಗಳೇ ಜಾಸ್ತಿ ಸಿಗುತ್ತವೆ. ಆದರೆ ಆ ಸಂಸ್ಥೆ 2022ರ ಕೊನೆಗೆ ಅದನ್ನು ನೋಡಿಕೊಳ್ಳುವುದನ್ನು ನಿಲ್ಲಿಸಿತು. ಅದೇ ಸಂಸ್ಥೆಯ ಹೊಸದು ಕಿಯಾ. ಹೊಸದಾಗಿ ಕೂರಿಸುವವರು ಹಳೆಯದನ್ನು ಹಾಕುವುದರಲ್ಲಿ ಅರ್ಥ ಇಲ್ಲ. ನಾವು ಉಬುಂಟು 24.04ರ ಜೊತೆ ಬರುವ ಕಿಯಾ ಹಾಕಿದೆವು.

ರಿಜಿಸ್ಟರ್

ಇನ್‌ಸ್ಟಾಲ್ ಮಾಡೋದು ಹತ್ತು ನಿಮಿಷದ ಕೆಲಸ. ಅದಕ್ಕೆ ಮೊದಲು ಯಾರು ಎಲ್ಲಿದ್ದಾರೆ ಅಂತ ಬರೆಯೋದೇ ನಿಜವಾದ ಕೆಲಸ. ವಿಳಾಸ ತಾನಾಗಿ ಹಂಚುವ ಸರ್ವರ್ ಅಂದರೆ ಲೆಕ್ಕ ಇಡುವ ಸರ್ವರ್. ಲೆಕ್ಕವೇ ಇಲ್ಲದೆ ಅದನ್ನು ಕೂರಿಸಿದರೆ ಹಳೇ ಗೊಂದಲ ಹೊಸ ಡಬ್ಬಿಗೆ ಹೋಗುತ್ತದೆ, ಅಷ್ಟೇ. ಹಾಗಾಗಿ ಲೆಕ್ಕದವರ ಹತ್ತಿರ ಒಂದು ಉದ್ದನೆಯ ರಿಜಿಸ್ಟರ್ ಇಸಕೊಂಡು ಗೆರೆ ಹಾಕಿದೆವು. ಸಾಮಾನು, ಇರುವ ಜಾಗ, ಮ್ಯಾಕ್ ವಿಳಾಸ, ಕೊಡುವ ಐಪಿ, ಕೈಯಿಂದಲೋ ಸರ್ವರ್‌ನಿಂದಲೋ.

ಮ್ಯಾಕ್ ವಿಳಾಸ ಅಂದರೆ ಪ್ರತಿ ನೆಟ್‌ವರ್ಕ್ ಕಾರ್ಡಿನ ಗುರುತು. ಕ್ಯಾಮೆರಾಗಳ ಹಿಂದಿನ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ. ಏಣಿ ಹಾಕಿ ಹತ್ತಿ, ಧೂಳು ಒರೆಸಿ ಓದಿದರೆ ಬಿ ಅಕ್ಷರ ಯಾವುದು, ಎಂಟು ಯಾವುದು ಗೊತ್ತಾಗುತ್ತಿರಲಿಲ್ಲ. ಆ ಸಾಹಸ ಬಿಟ್ಟು, ಒಂದೊಂದಕ್ಕೂ ಪಿಂಗ್ ಮಾಡಿ, ಯಾವ ಐಪಿಗೆ ಯಾವ ಮ್ಯಾಕ್ ಅಂತ ಕಂಪ್ಯೂಟರ್ ಬರೆದಿಟ್ಟುಕೊಳ್ಳುವ ಎಆರ್‌ಪಿ ಪಟ್ಟಿಯಿಂದ ಮ್ಯಾಕ್ ತೆಗೆದುಕೊಂಡೆವು. ಅಲ್ಲಿಂದ ಕಾಪಿ ಮಾಡಿದರೆ ಅಕ್ಷರ ತಪ್ಪುವ ಮಾತೇ ಇಲ್ಲ. ಪ್ರಿಂಟರ್‌ಗಳಲ್ಲಿ ಕಾನ್ಫಿಗರೇಶನ್ ಪುಟ ಪ್ರಿಂಟ್ ತೆಗೆದರೆ ಅದರಲ್ಲೇ ಬರುತ್ತದೆ.

ಮೊಬೈಲ್‌ಗಳನ್ನು ರಿಜಿಸ್ಟರಿಗೆ ಸೇರಿಸಲಿಲ್ಲ. ಆಂಡ್ರಾಯ್ಡ್ 10, ಐಫೋನಿನ ಐಓಎಸ್ 14 ಬಂದಾಗಿನಿಂದ ಮೊಬೈಲ್‌ಗಳು ವೈಫೈಗೆ ತಮ್ಮ ನಿಜವಾದ ಮ್ಯಾಕ್ ತೋರಿಸುವ ಬದಲು ಯಾವುದೋ ಒಂದನ್ನು ಹುಟ್ಟಿಸಿ ತೋರಿಸುತ್ತವೆ. ಅವನ್ನು ಬರೆದಿಟ್ಟುಕೊಂಡು ಏನೂ ಉಪಯೋಗ ಇಲ್ಲ.

ಹಂಚಿಕೆ ಹೀಗೆ ಮಾಡಿದೆವು. ನೆಟ್‌ವರ್ಕನ್ನೇ 192.168.40.ಕ್ಕೆ ಬದಲಾಯಿಸಿದೆವು. 1 ರೂಟರ್, 2 ಸರ್ವರ್, 3ರಿಂದ 9 ಸ್ವಿಚ್ ಮತ್ತು ವೈಫೈ. 10ರಿಂದ 29 ಬಿಲ್ಲಿಂಗ್, ವೇಬ್ರಿಜ್, ಪ್ರಿಂಟರ್. 30ರಿಂದ 59 ಕ್ಯಾಮೆರಾ, ಎನ್‌ವಿಆರ್. 60ರಿಂದ ಪಂಚ್ ಮಷೀನ್. 100ರಿಂದ 199 ಸರ್ವರ್ ಹಂಚುವ ಪೂಲ್. 200ರಿಂದ 239 ಖಾಲಿ. ಖಾಲಿ ಬಿಟ್ಟದ್ದಕ್ಕೆ ಕಾರಣ ಆಮೇಲೆ ಬರುತ್ತದೆ.

ನೆಟ್‌ವರ್ಕ್ ಬದಲಾಯಿಸುವುದು ಅನಾವಶ್ಯಕ ತಲೆನೋವು ಅಂತ ಹೇಳುವವರು ಇದ್ದಾರೆ. ನನ್ನ ಲೆಕ್ಕ ಬೇರೆ. ಅಂಗಡಿಯಿಂದ ಬರುವ ಸಣ್ಣ ರೂಟರ್‌ಗಳಲ್ಲಿ ಬಹಳಷ್ಟು 192.168.0. ಅಥವಾ 192.168.1. ಹಂಚುತ್ತವೆ. ನಮ್ಮದು ಆ ಎರಡೂ ಅಲ್ಲ ಅಂದರೆ, ನಾಳೆ ಇನ್ನೊಬ್ಬರು ಡಬ್ಬಿ ತಂದು ಚುಚ್ಚಿದಾಗ ಫೋನಿನಲ್ಲೇ ಗೊತ್ತಾಗುತ್ತದೆ: ನಲವತ್ತು ಕಾಣಿಸ್ತದೇನ್ರಿ? ಇಲ್ಲ ಅಂದರೆ ಬೇರೆ ಯಾರೋ ಕೊಟ್ಟಿದ್ದಾರೆ.

ಕೂರಿಸಿದ್ದು

ಸರ್ವರ್‌ಗೆ ಅದರ ವಿಳಾಸ ಕೈಯಿಂದ ಹಾಕಬೇಕು. ತಾನೇ ಹಂಚುವವನು ತನಗೆ ತಾನೇ ಕೇಳಿಕೊಳ್ಳೋಕೆ ಆಗುವುದಿಲ್ಲ. ಉಬುಂಟುವಿನಲ್ಲಿ ಅದು ನೆಟ್‌ಪ್ಲ್ಯಾನ್ ಫೈಲಿನಲ್ಲಿ ಆಗುತ್ತದೆ. ಸಾಲಿನ ಮುಂದಿನ ಖಾಲಿ ಜಾಗ ಹೆಚ್ಚುಕಮ್ಮಿ ಆದರೂ ಅದು ಒಪ್ಪುವುದಿಲ್ಲ, ಟ್ಯಾಬ್ ಒತ್ತಬಾರದು.

ಆಮೇಲೆ ಕಿಯಾದ ಫೈಲು. ಅದರಲ್ಲಿ ಹೇಳಬೇಕಾದ್ದು: ಯಾವ ಕಾರ್ಡಿನ ಮೇಲೆ ಕಿವಿ ಇಡಬೇಕು, ಸಬ್‌ನೆಟ್ (ನೆಟ್‌ವರ್ಕಿನ ವಿಳಾಸಗಳ ಸಾಲು) ಯಾವುದು, ಪೂಲ್ ಎಲ್ಲಿಂದ ಎಲ್ಲಿಗೆ, ಗೇಟ್‌ವೇ (ಹೊರಗೆ ಹೋಗುವ ದಾರಿ, ಇಲ್ಲಿ ರೂಟರ್) ಯಾರು, ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ಐಪಿ ಹೇಳುವವರು) ಯಾರು, ಲೀಸ್ (ಕೊಟ್ಟ ವಿಳಾಸ ಇಟ್ಟುಕೊಳ್ಳುವ ಅವಧಿ) ಎಷ್ಟು ಹೊತ್ತು, ಯಾವ ಮ್ಯಾಕ್‌ಗೆ ಯಾವ ವಿಳಾಸ ಕಾಯ್ದಿಡಬೇಕು, ಅಂದರೆ ರಿಸರ್ವೇಶನ್. ಫೈಲು ಜೇಸನ್ ರೂಪದಲ್ಲಿ ಇರುವುದರಿಂದ ಒಂದು ಕಾಮಾ ಬಿಟ್ಟರೂ ಸರ್ವರ್ ಏಳುವುದಿಲ್ಲ. ಫೈಲು ಸರಿ ಇದೆಯಾ ಅಂತ ಮಾತ್ರ ನೋಡಿ ಹೇಳುವ ಒಂದು ಆಯ್ಕೆ ಕಿಯಾದಲ್ಲೇ ಇದೆ, ಮೈನಸ್ ಟಿ. ಚಾಲೂ ಇರುವ ಸರ್ವರನ್ನು ರೀಸ್ಟಾರ್ಟ್ ಮಾಡುವ ಮೊದಲು ಅದನ್ನು ಹೊಡೆಯದೇ ಇರಬಾರದು.

ಲೀಸ್ ಎಷ್ಟು ಇಡೋದು ಅನ್ನೋದರ ಮೇಲೆ ಸ್ವಲ್ಪ ಚರ್ಚೆ ಆಯಿತು. ಪಾಠಗಳಲ್ಲಿ ಹತ್ತು ನಿಮಿಷ, ಒಂದು ತಾಸು ಅಂತ ಇರುತ್ತದೆ. ನಾವು ಮೂರು ದಿನ ಇಟ್ಟೆವು, ಸೆಕೆಂಡಿನಲ್ಲಿ 259200. ಕಂಪ್ಯೂಟರ್ ತನ್ನ ಲೀಸ್ ಅರ್ಧ ಮುಗಿದಾಗ ನವೀಕರಣ ಕೇಳುತ್ತದೆ. ಅಂದರೆ ಚಾಲೂ ಇರುವ ಕಂಪ್ಯೂಟರಿನ ಕೈಯಲ್ಲಿ ಯಾವಾಗಲೂ ಕನಿಷ್ಠ 36 ತಾಸು ಉಳಿದಿರುತ್ತದೆ. ಶನಿವಾರ ಸಂಜೆ ಏಳಕ್ಕೆ ಸರ್ವರ್ ಕೆಟ್ಟರೂ ಸೋಮವಾರ ಬೆಳಗ್ಗೆ ಏಳರವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಇನ್ನೊಂದು ಲಾಭ, ಕರೆಂಟ್ ಹೋಗುವ ನಮ್ಮ ಕಡೆಗೆ ಇದು ಮುಖ್ಯ: ಲೀಸ್ ಇನ್ನೂ ಬಾಕಿ ಇದ್ದು ಸರ್ವರ್ ಮಾತಾಡದಿದ್ದರೆ ವಿಂಡೋಸ್ ಒಮ್ಮೆ ಗೇಟ್‌ವೇಗೆ ಪಿಂಗ್ ಮಾಡಿ ನೋಡುತ್ತದೆ. ಗೇಟ್‌ವೇ ಉತ್ತರ ಕೊಟ್ಟರೆ ಹಳೇ ವಿಳಾಸದಲ್ಲೇ ಮುಂದುವರಿಯುತ್ತದೆ. ಹಾಗಾಗಿ ಸರ್ವರ್ ಏಳೋದು ತಡವಾದರೂ ರೂಟರ್ ಎಚ್ಚರ ಇದ್ದರೆ ಸಾಕು. ಆಫೀಸಿನ ರೂಟರನ್ನು ಅವತ್ತೇ ಯುಪಿಎಸ್‌ಗೆ ಹಾಕಿಸಿದೆವು.

ಉದ್ದ ಲೀಸಿನ ಅಪಾಯ ಪೂಲ್ ತುಂಬುವುದು. ವೈಫೈ ಪಾಸ್‌ವರ್ಡನ್ನು ವೇಬ್ರಿಜ್ ಕ್ಯಾಬಿನ್ನಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರು. ಲಾರಿಯವರೆಲ್ಲ ಸೇರಿಕೊಂಡು ಹೋಗುತ್ತಿದ್ದರು. ಎರಡು ತಾಸು ನಿಂತು ಹೋದ ಮೊಬೈಲು ಮೂರು ದಿನ ಒಂದು ವಿಳಾಸ ಹಿಡಿದುಕೊಂಡಿರುತ್ತದೆ. ಪಾಸ್‌ವರ್ಡ್ ಬದಲಾಯಿಸಿ, ಗೋಡೆ ಒರೆಸಿದೆವು. ಲಾರಿಯವರಿಗೆ ಇದು ಇಷ್ಟವಾಗಲಿಲ್ಲ.

ಬದಲಾವಣೆಯ ಹಿಂದಿನ ಸಂಜೆ ಹಳೇ ರೂಟರಿನ ಲೀಸನ್ನು ಅರ್ಧ ತಾಸಿಗೆ ಇಳಿಸಿದ್ದೆವು. ಇದರಿಂದ ಬೆಳಗ್ಗೆ ಅದರ ಹಂಚಿಕೆ ಬಂದ್ ಮಾಡಿದಾಗ ಎಲ್ಲರೂ ಬೇಗ ಹೊಸ ಸರ್ವರ್ ಕಡೆ ತಿರುಗಿದರು. ಕಿಯಾದಲ್ಲಿ 'ಅಥಾರಿಟೇಟಿವ್' ಅನ್ನೋದನ್ನೂ ಚಾಲೂ ಮಾಡಿದ್ದೆವು. ಸುಮ್ನೆ ಬಿಟ್ಟರೆ, ಹಳೇ ವಿಳಾಸ ಕೇಳಿಕೊಂಡು ಬಂದವರಿಗೆ ಕಿಯಾ ಏನೂ ಹೇಳುವುದಿಲ್ಲ. ಚಾಲೂ ಇದ್ದರೆ, ಅದು ನಡೆಯೋದಿಲ್ಲ ಅಂತ ಕೂಡಲೇ ಹೇಳಿ ಹೊಸದು ಕೇಳುವಂತೆ ಮಾಡುತ್ತದೆ. ತೇವಾಂಶದ ಕೋಣೆಯ ಡಬ್ಬಿ ಮಾಡುತ್ತಿದ್ದ ಕೆಲಸವೇ ಇದು, ಈಗ ಸರಿಯಾದವನ ಕೈಯಲ್ಲಿ.

ಕೊನೆಗೂ ಸತಾಯಿಸಿದ್ದು ವೇಬ್ರಿಜ್. ಅದರ ಸಾಫ್ಟ್‌ವೇರಿನೊಳಗೆ ಬಿಲ್ಲಿಂಗ್ ಕಂಪ್ಯೂಟರಿನ ಹಳೇ ವಿಳಾಸ ಬರೆದಿತ್ತು. ಅದನ್ನು ಮಾಡಿಕೊಟ್ಟವರಿಗೆ ಫೋನ್ ಹಚ್ಚಿದರೆ, ಸೀಸನ್ ಮುಗಿಯೋತನಕ ಮುಟ್ಟಬ್ಯಾಡ್ರಿ ಅಂದರು. ಲಾರಿ ನಿಲ್ಲಿಸೋಕೂ ಆಗುವುದಿಲ್ಲ. ವಿಂಡೋಸ್‌ನಲ್ಲಿ ಕೈಯಿಂದ ಹಾಕುವಾಗ ಒಂದೇ ಕಾರ್ಡಿಗೆ ಎರಡು ವಿಳಾಸ ಕೊಡಬಹುದು. ಬಿಲ್ಲಿಂಗ್ ಕಂಪ್ಯೂಟರಿಗೆ ಹಳೇ 192.168.1.10 ಇಟ್ಟುಕೊಂಡೇ 192.168.40.10 ಕೂಡ ಕೊಟ್ಟೆವು. ವೇಬ್ರಿಜ್ ಹಳೇ ದಾರಿಯಲ್ಲಿ, ಉಳಿದವರೆಲ್ಲ ಹೊಸ ದಾರಿಯಲ್ಲಿ ಅದನ್ನು ಮುಟ್ಟುತ್ತಿದ್ದರು. ಸೀಸನ್ ಮುಗಿದ ಮೇಲೆ ಅವರು ಬಂದು ಒಂದು ಸಾಲು ತಿದ್ದಿ ಹೋದರು.

ಸ್ವಿಚ್ ಎದ್ದಿರಲಿಲ್ಲ

ಎಲ್ಲ ಸರಿ ಇದೆ ಅನ್ನಿಸಿದ ಮೇಲೆ ಮೇನ್ ಸ್ವಿಚ್ ಎಳೆದು ನೋಡಿದೆವು. ಕರೆಂಟಿನದ್ದೇ ಪ್ರಕರಣ ಆದ ಮೇಲೆ ಕರೆಂಟ್ ತೆಗೆದು ನೋಡದೆ ಮುಗಿಯಿತು ಅನ್ನೋಕೆ ಬರುವುದಿಲ್ಲ. ಕರೆಂಟ್ ವಾಪಸ್ ಬಂತು. ಸರ್ವರ್ ತಾನೇ ಎದ್ದಿತು, ಬಯಾಸ್‌ನಲ್ಲಿ ಕರೆಂಟ್ ಬಂದ ಕೂಡಲೇ ಆನ್ ಆಗು ಅಂತ ಮೊದಲೇ ಹೇಳಿದ್ದೆವು. ಕಿಯಾ ಕೂಡ ಎದ್ದಿತ್ತು, ಸ್ಟೇಟಸ್ ಹಸಿರು. ಆದರೆ ಹೊಸದಾಗಿ ಕೇಳಿದ ಯಾರಿಗೂ ವಿಳಾಸ ಸಿಗಲಿಲ್ಲ.

ಲಾಗ್ ತೆಗೆದರೆ ಉತ್ತರ ಅಲ್ಲೇ ಇತ್ತು. ನೆಟ್‌ವರ್ಕ್ ಕಾರ್ಡ್ ಚಾಲೂ ಇಲ್ಲ, ಸಾಕೆಟ್ (ಕೂಗನ್ನು ಕೇಳಿಸಿಕೊಳ್ಳುವ ಕಿಟಕಿ) ತೆರೆಯೋಕೆ ಆಗಲಿಲ್ಲ ಅಂತ ಕಿಯಾ ಬರೆದಿತ್ತು. ಸರ್ವರ್ ಎದ್ದ ಹೊತ್ತಿಗೆ ಸ್ವಿಚ್ ಇನ್ನೂ ಎದ್ದಿರಲಿಲ್ಲ. ಸ್ವಿಚ್ ಎದ್ದಿಲ್ಲ ಅಂದರೆ ಸರ್ವರಿನ ಕಾರ್ಡಿಗೆ ಕೇಬಲ್ಲೇ ಇಲ್ಲದಂತೆ. ಕಿಯಾ ಶುರುವಾಗುವಾಗ ಒಮ್ಮೆ ಪ್ರಯತ್ನಿಸುತ್ತದೆ, ಆಗಲಿಲ್ಲ ಅಂದರೆ ಅಷ್ಟಕ್ಕೇ ಬಿಡುತ್ತದೆ. ಆಮೇಲೆ ಸ್ವಿಚ್ ಎದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಮೊದಲು ನಾವು ಬಳಸುತ್ತಿದ್ದ ಸಾದಾ ಸ್ವಿಚ್ ಕೂಡಲೇ ಏಳುತ್ತಿತ್ತು. ಈಗ ಹಾಕಿದ್ದು ಲಾಗಿನ್ ಆಗಿ ನಿಯಮ ಹೇಳಬಹುದಾದ 24 ಪೋರ್ಟಿನ ಮ್ಯಾನೇಜ್ಡ್ ಸ್ವಿಚ್, ಅದು ಏಳೋಕೆ ಹೊತ್ತು ತೆಗೆದುಕೊಳ್ಳುತ್ತದೆ.

ಇದಕ್ಕೆ ಕಿಯಾದಲ್ಲೇ ಮದ್ದಿದೆ. ಸಾಕೆಟ್ ತೆರೆಯೋಕೆ ಎಷ್ಟು ಸಲ ಪ್ರಯತ್ನಿಸಬೇಕು, ನಡುವೆ ಎಷ್ಟು ಮಿಲಿಸೆಕೆಂಡ್ ಕಾಯಬೇಕು ಅಂತ ಇಂಟರ್‌ಫೇಸ್ ಭಾಗದಲ್ಲಿ ಎರಡು ಸಾಲು ಸೇರಿಸಬಹುದು. ಸುಮ್ನೆ ಬಿಟ್ಟರೆ ಮರುಪ್ರಯತ್ನ ಸೊನ್ನೆ. ನಾವು ಐದು ಸೆಕೆಂಡಿಗೊಮ್ಮೆ, 60 ಸಲ ಅಂತ ಕೊಟ್ಟೆವು. ಐದು ನಿಮಿಷದಲ್ಲಿ ಯಾವ ಸ್ವಿಚ್ಚಾದರೂ ಏಳುತ್ತದೆ. ಸ್ವಿಚ್ಚನ್ನು ತಗಡಿನ ಶೆಡ್ಡಿನಿಂದ ಆಫೀಸಿಗೆ ತಂದು ಅದಕ್ಕೂ ಯುಪಿಎಸ್ ಕೊಟ್ಟೆವು. ಕಲಬುರಗಿಯ ಮೇ ತಿಂಗಳಲ್ಲಿ ಹೊರಗೇ 42, 43 ಡಿಗ್ರಿ ಇರುತ್ತದೆ, ತಗಡಿನ ಕೆಳಗೆ ಅದು ಬಾಳುವುದು ಅನುಮಾನವೇ ಇತ್ತು. ಮತ್ತೆ ಮೇನ್ ಎಳೆದು ನೋಡಿದೆವು. ಸಿಕ್ಕಿತು. ಬಾಗಿಲಲ್ಲಿ ನಿಂತಿದ್ದ ಸಾವ್ಕಾರ್ರು, "ಇನ್ನೊಮ್ಮಿ ಎಳೀರಿ ನೋಡಾಮು" ಅಂದರು. ಎಳೆದೆವು.

ಮ್ಯಾನೇಜ್ಡ್ ಸ್ವಿಚ್ ತೆಗೆದುಕೊಂಡದ್ದೇ ಡಿಎಚ್‌ಸಿಪಿ ಸ್ನೂಪಿಂಗ್‌ಗೆ. ಸರ್ವರ್ ಇರುವ ಪೋರ್ಟ್ ಒಂದನ್ನೇ ನಂಬು ಅಂತ ಸ್ವಿಚ್ಚಿಗೆ ಹೇಳಿದರೆ, ಬೇರೆ ಯಾವ ಪೋರ್ಟಿನಿಂದ ವಿಳಾಸ ಕೊಡುವ ಮಾತು ಬಂದರೂ ಅದು ಅಲ್ಲೇ ತಡೆಯುತ್ತದೆ. ಪೂರ್ತಿ ಕವಚ ಅಂತ ಅಲ್ಲ. ಗೋಡೌನ್ ಕಡೆ ಇನ್ನೂ ಒಂದು ಸಾದಾ ಸ್ವಿಚ್ ಇದೆ. ಅದರಲ್ಲೇ ಯಾರಾದರೂ ಡಬ್ಬಿ ಚುಚ್ಚಿದರೆ ಆ ಸ್ವಿಚ್ಚಿನವರು ಅದರ ಕೈಗೆ ಸಿಗುತ್ತಾರೆ. ಆದರೆ ತೊಂದರೆ ಗೋಡೌನ್ ದಾಟುವುದಿಲ್ಲ. ತೇವಾಂಶದ ಕೋಣೆಯ ಡಬ್ಬಿಯನ್ನು ಎಸೆಯಲಿಲ್ಲ. ಅದರ ಹಂಚಿಕೆ ಬಂದ್ ಮಾಡಿ, ವಿಳಾಸ 192.168.40.5 ಮಾಡಿ, ಅಲ್ಲೇ ವೈಫೈ ಪಾಯಿಂಟಾಗಿ ಇಟ್ಟೆವು. ಆ ಕೋಣೆಗೆ ಸಿಗ್ನಲ್ ಬೇಕಿತ್ತಲ್ವಾ.

ಸರ್ವರ್ ಕೆಟ್ಟರೆ

ಕಿಯಾದಲ್ಲಿ ಎರಡು ಸರ್ವರ್ ಜೋಡಿ ಮಾಡಿ ಓಡಿಸುವ ವ್ಯವಸ್ಥೆ ಇದೆ. ಈ ಮಿಲ್ಲಿಗೆ ಅದು ಜಾಸ್ತಿ ಆಯಿತು ಅಂತ ನನ್ನ ಅಭಿಪ್ರಾಯ, ನೋಡಿಕೊಳ್ಳುವವರು ಯಾರೂ ಅಲ್ಲಿ ಇಲ್ಲ. ಬದಲಿಗೆ ರೂಟರಿನ ಡಿಎಚ್‌ಸಿಪಿಯಲ್ಲಿ 200ರಿಂದ 239 ತುಂಬಿಟ್ಟು ಬಂದ್ ಮಾಡಿ ಇಟ್ಟಿದ್ದೇವೆ. ಖಾಲಿ ಬಿಟ್ಟ ಸಾಲು ಇದಕ್ಕೇ. ಎರಡು ಪೂಲ್ ಬೇರೆ ಬೇರೆ ಆದ್ದರಿಂದ, ಕಿಯಾ ಕೊಟ್ಟ ವಿಳಾಸವನ್ನು ಇನ್ನೂ ಹಿಡಿದುಕೊಂಡಿರುವ ಕಂಪ್ಯೂಟರಿಗೆ ರೂಟರ್ ಅಡ್ಡ ಬರುವುದಿಲ್ಲ.

ಎಲ್ಲವನ್ನೂ ಸರ್ವರ್ ರಿಸರ್ವೇಶನ್‌ನಲ್ಲೇ ಇಡಬೇಕು, ಕೈಯಿಂದ ಏನೂ ಹಾಕಬಾರದು ಅನ್ನೋದು ಪುಸ್ತಕದ ಮಾತು. ಕ್ಯಾಮೆರಾ, ಪಂಚ್ ಮಷೀನ್, ಉಳಿದ ಪ್ರಿಂಟರ್‌ಗಳಿಗೆ ಅದನ್ನೇ ಮಾಡಿದೆವು. ಬಿಲ್ಲಿಂಗ್ ಕಂಪ್ಯೂಟರ್, ವೇಬ್ರಿಜ್ ಕಂಪ್ಯೂಟರ್, ಬಿಲ್ ಪ್ರಿಂಟರ್ ಈ ಮೂರಕ್ಕೆ ಮಾತ್ರ ಕೈಯಿಂದಲೇ ಹಾಕಿದೆವು, ಪೂಲಿನ ಹೊರಗೆ, ರಿಜಿಸ್ಟರಿನಲ್ಲಿ ಬರೆದು. ರೂಟರ್ ಹಂಚೋಕೆ ಶುರು ಮಾಡಿದ ದಿನ ಅದಕ್ಕೆ ನಮ್ಮ ರಿಸರ್ವೇಶನ್ ಗೊತ್ತಿರುವುದಿಲ್ಲ. ಕ್ಯಾಮೆರಾ ಒಂದು ದಿನ ಕಾಣದಿದ್ದರೆ ನಡೆಯುತ್ತದೆ, ಬಿಲ್ ಪ್ರಿಂಟರಿನ ವಿಳಾಸ ಬದಲಾದರೆ ಲಾರಿ ನಿಲ್ಲುತ್ತದೆ.

ಏನು ಮಾಡಬೇಕು ಅಂತ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಸ್ವಿಚ್ ಪೆಟ್ಟಿಗೆಯ ಬಾಗಿಲಿಗೆ ಒಳಗಿನಿಂದ ಅಂಟಿಸಿದ್ದೇವೆ. ಮೊದಲು ಕೆಂಪು ಟೇಪ್ ಸುತ್ತಿದ ಸರ್ವರ್ ಕೇಬಲ್ ಕೀಳಬೇಕು. ಅದೇ ಪೋರ್ಟಿಗೆ ರೂಟರಿನ ಕೇಬಲ್ ಚುಚ್ಚಬೇಕು. ಆಮೇಲೆ ರೂಟರ್ ಪುಟದಲ್ಲಿ ಡಿಎಚ್‌ಸಿಪಿ ಆನ್ ಮಾಡಬೇಕು. ಸ್ವಿಚ್ ನಂಬುವುದು ಆ ಪೋರ್ಟ್ ಒಂದನ್ನೇ ಆದ್ದರಿಂದ ಸ್ವಿಚ್ಚಿನೊಳಗೆ ಲಾಗಿನ್ ಆಗುವ ಗೊಡವೆ ಇಲ್ಲ. ಸರ್ವರ್ ಕೇಬಲ್ ಕಿತ್ತಿರುವುದರಿಂದ, ಇಬ್ಬರೂ ಒಟ್ಟಿಗೆ ಹಂಚುವ ಪರಿಸ್ಥಿತಿಯೂ ಬರುವುದಿಲ್ಲ. ಲೆಕ್ಕದವರ ಕೈಯಲ್ಲೇ ಒಮ್ಮೆ ಮಾಡಿಸಿ ನೋಡಿದ್ದೇವೆ. ಕಿಯಾದ ಫೈಲಿನ ಒಂದು ಕಾಪಿ ಪೆನ್‌ಡ್ರೈವ್‌ನಲ್ಲಿ ಹಾಕಿ ಅವರ ಡ್ರಾವರ್‌ನಲ್ಲಿ, ರಿಜಿಸ್ಟರಿನ ಜೊತೆ ಇಟ್ಟಿದೆ.